ಕೆಂಪು ಮುಚ್ಚಳದ ಡಬ್ಬಿ

ಅಕ್ಕತಂಗಿಯರಿಬ್ಬರಿಗೂ ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲ. ಅದನ್ನು ವಾಸಿ ಮಾಡುವ ಸೂಜಿ ಬಂದಿದೆ, ಆದರೆ ಒಂದು ಮನೆಗೆ ತಿಂಗಳಿಗೆ ಒಂದೇ. ನಿಯಮ ಮಾಡಿದವರಿಗೆ ಒಡಹುಟ್ಟಿದವರು ಇದ್ದಿರಲಿಕ್ಕಿಲ್ಲ. ಹೋದ ತಿಂಗಳು ಇಂಪನಾಳಿಗೆ ನಾನೇ ಸೂಜಿ ಹಾಕಿದ್ದೆ. ಇವತ್ತು ಅವಳು ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿ ಬಂದಳು. ತಂಗಿ ಸಿಂಚನಾ ಇನ್ನೂ ತಾಯಿಯ ಸೊಂಟದ ಮೇಲಿದ್ದಳು.

ವೈರಸ್ಸಿನ ಖಾಲಿ ಚಿಪ್ಪಿನಲ್ಲಿ ಮದ್ದು ತುಂಬಿದ ಈ ಸೂಜಿ ಮೈಗೆ ಹಿಡಿಯುವುದು ಒಂದೇ ಸಲ. ಮೈ ಆ ಚಿಪ್ಪನ್ನು ಒಮ್ಮೆ ಕಂಡರೆ ಮತ್ತೆ ಒಳಗೆ ಬಿಡುವುದಿಲ್ಲ. ಸೂಜಿಯಾದವರ ಎಂಜಲಿನಲ್ಲೂ ಚಿಪ್ಪಿರುತ್ತದೆಂದು ಎಲ್ಲರ ಮನೆಯಲ್ಲೂ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ. ತಾಯಿ ಯಶೋದಮ್ಮ ಊಟದ ಡಬ್ಬಿಯನ್ನೂ ಎರಡು ತಂದಿದ್ದಳು. ಕೆಂಪು ಮುಚ್ಚಳದ್ದು ಇಂಪನಾಳದು.

ಸಿಂಚನಾಳ ಬೆರಳು ಚುಚ್ಚಿ, ರಕ್ತದ ಹನಿಯನ್ನು ಪರೀಕ್ಷೆಯ ಪಟ್ಟಿಯ ಮೇಲಿಟ್ಟೆ. ಗೆರೆ ನೀಲಿಗೆ ತಿರುಗಿತು: ಮೈ ಆಗಲೇ ಚಿಪ್ಪನ್ನು ಕಂಡಿದೆ.

“ಅಕ್ಕನ ಎಂಜಲು ತಿಂದಿದಾಳೆ,” ಎಂದೆ. “ಇನ್ನು ಇವಳಿಗೆ ಸೂಜಿ ಹಿಡಿಯಲ್ಲ ಕಣಮ್ಮ.”

“ಇಲ್ಲ ಸಿಸ್ಟರ್, ಲೋಟ ಕೂಡ ಬೇರೆ ತೊಳೀತೀನಿ,” ಎಂದಳು ಯಶೋದಮ್ಮ.

“ನಾನು ಎಂಜಲು ಕೊಟ್ಟಿಲ್ಲಮ್ಮ,” ಎಂದಳು ಇಂಪನಾ. “ಕಡ್ಲೆ ಮಿಠಾಯಿ ಕೊಟ್ಟೆ, ಅಷ್ಟೆ. ಅದೂ ಗುಬ್ಬಿ ಎಂಜಲು ಮಾಡಿ ಕೊಟ್ಟೆ.”

ಫ್ರಾಕಿನ ಅಂಚಿನಲ್ಲಿ ಮಿಠಾಯಿ ಮುಚ್ಚಿ, ಬಟ್ಟೆಯ ಮೇಲಿಂದ ಕಚ್ಚಿ ಮುರಿದದ್ದನ್ನು ಮಾಡಿ ತೋರಿಸಿದಳು. ಹಾಗೆ ಕಚ್ಚಿದರೆ ಎಂಜಲಲ್ಲ ಎಂದು ನಂಬಿ ಚಿಕ್ಕಂದಿನಲ್ಲಿ ನಾವೆಲ್ಲ ಹಂಚಿಕೊಂಡು ತಿಂದವರೇ.

ಯಶೋದಮ್ಮ ಬೆಂಚಿನ ಮೇಲೆ ಕೂತು, ಎರಡೂ ಡಬ್ಬಿಯ ಅನ್ನವನ್ನು ಕೆಂಪು ಮುಚ್ಚಳದ ಡಬ್ಬಿಗೇ ಸುರಿದು ಕಲಸಿದಳು.

“ಬನ್ನಿ, ಇನ್ಮೇಲೆ ಇಬ್ರೂ ಒಂದ್ರಲ್ಲೇ ತಿನ್ನಿ.”

ಬಹಳ ದಿನದ ಮೇಲೆ ಅಕ್ಕನ ಜೊತೆ ಉಣ್ಣುವ ಖುಷಿಗೆ ಸಿಂಚನಾ ನಗುತ್ತ ಬಾಯಿ ತೆರೆದಳು.