ಮುತ್ತಿಯ ಹಗ್ಗ

ಹೊಳೆ ನಮ್ಮ ಕುದುರೆ ಲಾಯಕ್ಕೆ ನುಗ್ಗಿದ ದಿನ ನಾನು ಊರಲ್ಲಿರಲಿಲ್ಲ. ಎಂಟು ಕುದುರೆಗಳಲ್ಲಿ ಏಳು ಈಜಿ ಬದುಕಿದವು. ಏಳೂ ಪುಂಡು ಮುಂಡೇವು, ಒಂದೊಂದರ ಬಾಲಕ್ಕೂ ಒಬ್ಬೊಬ್ಬ ಆಳು ಬೇಕು. ಸತ್ತದ್ದು ನನ್ನ ಮುತ್ತಿ ಮಾತ್ರ. ಸವಾರಿ ಕಲಿಯಲು ಬಂದ ಮಕ್ಕಳನ್ನು ನಾನು ಮೊದಲು ಹತ್ತಿಸುತ್ತಿದ್ದದ್ದು ಅವಳ ಮೇಲೆ. ಅಷ್ಟು ಹೇಳಿದ ಮಾತು ಕೇಳುವ ಕುದುರೆ ಜಿಲ್ಲೆಯಲ್ಲೇ ಇಲ್ಲ ಎಂದು ಬಂದವರೆದುರು ಜಂಬ ಕೊಚ್ಚುತ್ತಿದ್ದೆ.

ನೀರಿಳಿದ ಮೇಲೆ ಬಂದವನೇ, ಲಾಯದ ಕೆಸರು ಎತ್ತಿಹಾಕುತ್ತಿದ್ದ ಮಗಳು ರೋಹಿಣಿಯ ಕೈಯಿಂದ ಸಲಿಕೆ ಕಿತ್ತುಕೊಂಡೆ.

"ಇನ್ಮೇಲೆ ಲಾಯಕ್ಕೆ ಕಾಲಿಡ್ಬೇಡ ನೀನು. ನಿನ್ನ ಜೀವ ಉಳಿಸ್ಕೊಳ್ಳೋ ಆತುರಕ್ಕೆ ಅವಳ ಹಗ್ಗ ಬಿಚ್ಚೋದೇ ಮರೆತ್ಯಲ್ಲೇ!"

"ಬಿಚ್ಚಿದ್ದೆ ಅಪ್ಪಾ. ಎಲ್ರಿಗಿಂತ ಮೊದಲು ಅವಳದ್ದೇ ಬಿಚ್ಚಿದ್ದೆ."

"ಸುಳ್ಳು ಬೊಗಳ್ಬೇಡ. ಆ ಪುಂಡುಗಳೆಲ್ಲ ಓಡಿದ್ವು, ಇವಳಿಗೇನು ಬಂದಿತ್ತು?"

"ಎಳೆದೆ, ಬೆತ್ತದಲ್ಲಿ ಬಾರಿಸ್ದೆ. ಕುತ್ತಿಗೆವರೆಗೂ ನೀರು ಬಂದ್ರೂ ಜಾಗ ಬಿಟ್ಟು ಕದಲಲಿಲ್ಲ. ಬಾಗಿಲ ಕಡೆನೇ ನೋಡ್ತಾ ನಿಂತಿದ್ಲು."

"ಯಾಕೆ?"

ರೋಹಿಣಿ ನನ್ನ ಕೈಯಿಂದ ಸಲಿಕೆ ವಾಪಸ್ ತೆಗೆದುಕೊಂಡಳು.

"ನಿನ್ನ ಸಿಳ್ಳೆ ಕೇಳದೆ ಒಂದು ಹೆಜ್ಜೆನೂ ಇಡ್ಬಾರ್ದು ಅಂತ ಕಲಿಸಿದ್ಯಲ್ಲಪ್ಪಾ."