ಹೆಪ್ಪು ಕೇಳಲು ಬಂದವಳು

ಕ್ರಿಮಿ ಸೇರದಿರಲೆಂದು ಪಾತ್ರೆ, ಗೋಡೆ, ಬಟ್ಟೆ ಎಲ್ಲದಕ್ಕೂ ಕಣ್ಣಿಗೆ ಕಾಣದ ಬೆಳ್ಳಿಯ ಕಣಗಳನ್ನು ಬಳಿದ ಮೇಲೆ ಊರಿನಲ್ಲಿ ಹಾಲು ಮೊಸರಾಗುವುದು ನಿಂತಿತ್ತು. ಜನ ಅದಕ್ಕೆ ಒಗ್ಗಿಹೋಗಿದ್ದರು. ಆದರೆ ಶಾಂಭವಿಯ ಕೂಸಿಗೆ ಏನು ಕುಡಿಸಿದರೂ ದಕ್ಕುತ್ತಿರಲಿಲ್ಲ.

"ಹೊಟ್ಟೆಯಲ್ಲಿ ಒಳ್ಳೆಯ ಸೂಕ್ಷ್ಮಜೀವಿ ಒಂದೂ ಉಳಿದಿಲ್ಲಮ್ಮ. ಎಲ್ಲಾದರೂ ಜೀವವಿರುವ ಮೊಸರು ಸಿಕ್ಕರೆ ನೋಡಿ," ಎಂದಿದ್ದರು ಡಾಕ್ಟರು.

ಅದು ಉಳಿದಿದ್ದದ್ದು ಹಿಂದಿನ ಬೀದಿಯ ಪುಟ್ಟಮಲ್ಲಜ್ಜಿಯ ಮಣ್ಣಿನ ಗಡಿಗೆಯಲ್ಲಿ ಮಾತ್ರ. ಶಾಂಭವಿ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಹೋದಳು.

"ಒಂಚೂರು ಹೆಪ್ಪು ಕೊಡಿ ಅಜ್ಜಿ."

"ನನ್ನ ಗಡಿಗೆ ಕಂಡ್ರೆ ಮೂಗು ಮುಚ್ಕೊಳ್ತಿದ್ದೋರೆಲ್ಲ ಈಗ ಬಾಗಿಲಿಗೆ ಬರ್ತೀರಿ," ಎಂದು ನಕ್ಕ ಅಜ್ಜಿ, ಕೂಸಿನ ಮುಖ ಕಂಡು ಒಳಹೋದಳು. ಗಡಿಗೆ ತಂದು ಓರೆ ಮಾಡಿದಳು. ಒಳಗೆ ಹಾಲು ನೀರಿನಂತೆ ಹರಿದಾಡಿತು.

"ನಿನ್ನೆ ಹೆಪ್ಪಿಗೆ ಬಂದೋಳೊಬ್ಬಳು ತನ್ನ ಬೆಳ್ಳಿ ಬಳಿದ ಚಮಚಾನೇ ಅದ್ದಿಬಿಟ್ಲು ಕಣವ್ವ. ಬೈದ್ರೆ, ತೊಳೆದ ಚಮಚ ಅಜ್ಜಿ, ಹೆದರಬೇಡಿ ಅಂದ್ಲು."

"ಅವರು ಒಯ್ದದ್ದಾದರೂ ಇರಬಹುದಲ್ಲ?"

"ಅವಳ ಬಟ್ಟಲೂ ಅಷ್ಟೇ ಶುದ್ಧ."

ಶಾಂಭವಿ ಕೂಸಿನ ಬಾಯಿಗೆ ಮೂಗು ತಾಗಿಸಿದಳು. ಹಾಲು ಕುಡಿಯುವ ಮಕ್ಕಳ ಹುಳಿವಾಸನೆ ಅಲ್ಲಿರಲಿಲ್ಲ. ಯಾವ ವಾಸನೆಯೂ ಇರಲಿಲ್ಲ.