ಗಿರಣಿ ಹಿಂದಿನ ರಸ್ತೆ

ಹೊಸ ಕಾರು ಗುಂಡಿಗೆ ಇಳಿದು ಎದ್ದಿತು. ಹಿಂದಿನ ಸೀಟಿನಲ್ಲಿ ಅಪ್ಪ ಚೀರಿದರು.

ಮಗಳು ಗಕ್ಕನೆ ಬ್ರೇಕ್ ಒತ್ತಿ ತಿರುಗಿದಳು. ಅಪ್ಪನ ಹಣೆಯ ಮೇಲೆ ಬೆವರು ಒಡೆದಿತ್ತು.

"ಎಲ್ಲಪ್ಪಾ ನೋವು? ಬೆನ್ನಾ?"

"ಏನಿಲ್ಲ. ನೀನು ಓಡಿಸು."

ಹದಿನೈದು ದಿನದಿಂದ ಇದೇ ಪಲ್ಲವಿ. ಚೀರುವುದು, ಕೇಳಿದರೆ ಏನಿಲ್ಲ ಎನ್ನುವುದು.

ಆ ಕಾರನ್ನು ಅವಳು ಕೊಂಡದ್ದೇ ಅಪ್ಪನಿಗಾಗಿ. ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗಬೇಕಿತ್ತು. ಈ ಕಾರಿನ ಬಾಗಿಲು ಅಗಲ, ಗಾಲಿಕುರ್ಚಿ ಮಡಚಿಟ್ಟರೆ ಡಿಕ್ಕಿಯಲ್ಲಿ ಹಿಡಿಯುತ್ತಿತ್ತು. ಏಳು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು ದುಡಿದ ಹಣದಲ್ಲಿ ಕೊಂಡ ಗಾಡಿ ಹೀಗೆ ಎತ್ತಿ ಎತ್ತಿ ಹಾಕುತ್ತದೆ ಎಂದು ಯಾರಿಗೆ ಗೊತ್ತಿತ್ತು? ಷೋರೂಮಿನವನನ್ನು ಕೇಳಿದರೆ, "ಹೊಸದಲ್ವಾ ಮೇಡಂ, ಓಡ್ತಾ ಓಡ್ತಾ ಸರಿ ಹೋಗುತ್ತೆ" ಎಂದ. ಹೊಸ ಚಪ್ಪಲಿ ಮಾರುವವನೂ ಹಾಗೇ ಹೇಳುತ್ತಾನೆ. ಕಚ್ಚಿಸಿಕೊಳ್ಳುವುದು ಅವನ ಕಾಲಲ್ಲವಲ್ಲ.

ಅವಳು ಟಯರಿನ ಗಾಳಿ ಇಳಿಸಿ ನೋಡಿದಳು. ದಪ್ಪ ಸ್ಪಂಜು ತಂದು ಎರಡು ದಿಂಬು ಹೊಲಿದಳು, ಕೂರುವುದಕ್ಕೊಂದು, ಪಾದದ ಕೆಳಗೊಂದು. ಕೂರುವ ದಿಂಬಿಗೆ ಅಪ್ಪ ತಕರಾರು ಮಾಡಲಿಲ್ಲ. ಪಾದದ ಕೆಳಗಿನದನ್ನು ಮಾತ್ರ ಕೊಡೆಯ ಹಿಡಿಯಿಂದ ಎಳೆದು ಮೂಲೆಗೆ ತಳ್ಳಿದರು. ಯಾಕೆಂದು ಕೇಳಿದರೆ, ಸೆಕೆ ಎಂದರು.

ಅಷ್ಟೇ ಆಗಿದ್ದರೆ ವಯಸ್ಸಾದವರ ಹಟ ಎಂದು ಬಿಡಬಹುದಿತ್ತು. ಆಸ್ಪತ್ರೆಗೆ ಎರಡು ದಾರಿ. ದೊಡ್ಡ ರಸ್ತೆ ನುಣ್ಣಗಿತ್ತು, ಗಿರಣಿ ಹಿಂದಿನ ರಸ್ತೆಯಲ್ಲಿ ಗುಂಡಿಗಳ ನಡುವೆ ಅಷ್ಟಿಷ್ಟು ಡಾಂಬರು. ಅಪ್ಪ ಪ್ರತಿ ಸಲವೂ ಗಿರಣಿ ರಸ್ತೆಯಲ್ಲೇ ಹೋಗು ಎನ್ನುತ್ತಿದ್ದರು. ನಿಧಾನ ಮಾಡಿದರೆ ಗದರುತ್ತಿದ್ದರು.

ಅವಳಿಗೆ ಭಯವಾಗತೊಡಗಿದ್ದು ಆಗ. ಎರಡು ವರ್ಷದ ಹಿಂದೆ ಹಳೆಯ ಕಾರು ಮರಕ್ಕೆ ಗುದ್ದಿದಾಗ ಓಡಿಸುತ್ತಿದ್ದವರು ಅಪ್ಪ. ಪಕ್ಕದಲ್ಲಿ ಕೂತಿದ್ದ ಅಮ್ಮ ಮನೆಗೆ ವಾಪಸು ಬರಲಿಲ್ಲ, ಅಪ್ಪ ಬಂದದ್ದು ಗಾಲಿಕುರ್ಚಿಯಲ್ಲಿ. ಆ ಬಗ್ಗೆ ಅಪ್ಪ ಬಾಯಿಬಿಟ್ಟದ್ದು ಒಂದೇ ಸಲ. "ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಉಣ್ಣಬೇಕು" ಅಂದಿದ್ದರು. ಈಗ ಉಣ್ಣುತ್ತಿದ್ದಾರೆಯೇ? ತಮ್ಮನ್ನು ತಾವೇ ಹೀಗೆ ಹಿಂಸಿಸಿಕೊಳ್ಳುವವರು ನಾಳೆ ಇನ್ನೇನು ಮಾಡಿಕೊಂಡಾರು? ಅಂಗಡಿಯಲ್ಲಿ ಕತ್ತರಿ ಹಿಡಿದಾಗಲೂ ಅವಳಿಗೆ ಅದೇ ಯೋಚನೆ. ಅಮ್ಮನನ್ನು ಕಳೆದುಕೊಂಡಾಗಿತ್ತು, ಅಪ್ಪನನ್ನೂ ಕಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಅಂದು ಅವಳು ಆಸ್ಪತ್ರೆಗೆ ಹೋಗಲಿಲ್ಲ. ಗಿರಣಿ ಪಕ್ಕದ ಗ್ಯಾರೇಜಿಗೆ ಕಾರು ತಿರುಗಿಸಿದಳು.

"ಬೇಡ ಪುಟ್ಟಿ, ಚೆನ್ನಾಗೇ ಇದೆ" ಎಂದರು ಅಪ್ಪ. ಅವಳು ಕೇಳಿಸಿಕೊಳ್ಳಲಿಲ್ಲ. ಅವರ ಕಾಲುಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟು, ಅವರನ್ನು ಗಾಲಿಕುರ್ಚಿಗೆ ಇಳಿಸಿದಳು.

ಮೆಕ್ಯಾನಿಕ್ ಕಾರಿನಡಿ ನುಗ್ಗಿದ. ಒಂದು ನಿಮಿಷಕ್ಕೆ ಅಲ್ಲಿಂದಲೇ ನಗು ಕೇಳಿಸಿತು. ಅರ್ಧ ಗಂಟೆ ಜಾಕು, ಸ್ಪ್ಯಾನರುಗಳ ಸದ್ದಾದ ಮೇಲೆ ನಾಲ್ಕು ಗಟ್ಟಿ ರಬ್ಬರ್ ತುಂಡುಗಳನ್ನು ಹಿಡಿದುಕೊಂಡು ಎದ್ದ.

"ಲಾರಿ ಮೇಲೆ ಬರುವಾಗ ಗಾಡಿ ಕುಣೀಬಾರ್ದು ಅಂತ ಸ್ಪ್ರಿಂಗ್ ಮಧ್ಯೆ ಇದನ್ನ ಸಿಗಿಸಿರ್ತಾರೆ. ನಿಮ್ಮ ಕೈಗೆ ಕೊಡೋ ಮುಂಚೆ ಷೋರೂಮಿನವ್ರು ತೆಗೀಬೇಕಿತ್ತು. ಮರೆತಿದ್ದಾರೆ ಪುಣ್ಯಾತ್ಮರು. ಇಷ್ಟು ದಿನ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ ಓಡ್ಸಿದೀರ ಮೇಡಂ! ಗಾಡಿ ಗೊತ್ತಿರೋರು ಯಾರಾದ್ರೂ ಕೂತಿದ್ರೆ ಬೀದಿ ಕೊನೆ ಮುಟ್ಟೋದ್ರೊಳಗೆ ಹೇಳಿಬಿಡ್ತಿದ್ರು."

"ಅಪ್ಪ ಮೂವತ್ನಾಲ್ಕು ವರ್ಷ ಬಸ್ ಓಡಿಸಿದವರು" ಎಂದಳು ಮಗಳು. ಹೇಳುತ್ತಿದ್ದಂತೆಯೇ ಅವಳು ಅಪ್ಪನತ್ತ ತಿರುಗಿದಳು.

ಮೆಕ್ಯಾನಿಕ್ ಅಪ್ಪನ ಕಡೆ ನೋಡಿದ. "ಯಜಮಾನ್ರೇ, ನಿಮಗೆ ಗೊತ್ತಾಗ್ಲಿಲ್ವಾ?"

"ಮೊದಲ ದಿನಾನೇ ಗೊತ್ತಾಯ್ತು" ಎಂದರು ಅಪ್ಪ, ನೆಲ ನೋಡುತ್ತ.

ಮೆಕ್ಯಾನಿಕ್ ರಬ್ಬರ್ ತುಂಡುಗಳನ್ನು ಕೆಳಗಿಟ್ಟ. ಕೈ ಒರೆಸಿಕೊಳ್ಳುತ್ತ ಒಳಗೆ ಹೋದ.

ವಾಪಸು ಹೊರಟಾಗ ಕಾರು ಅದೇ ಗುಂಡಿಗಳ ಮೇಲೆ ತೇಲಿದಂತೆ ಹೋಯಿತು. ಒಂದು ಗುಂಡಿ, ಎರಡು, ಮೂರು. ಹಿಂದಿನಿಂದ ಒಂದು ಸದ್ದೂ ಬರಲಿಲ್ಲ. ಅವಳಿಗೆ ಹಗುರವೆನಿಸಿ ಕನ್ನಡಿಯಲ್ಲಿ ನೋಡಿದಳು. ಅಪ್ಪ ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಗಾಡಿ ತಿರುಗಿಸು ಪುಟ್ಟಿ. ಆ ರಬ್ಬರ್ ವಾಪಸ್ ಹಾಕಿಸು."

ಅವಳು ಕಾರು ನಿಲ್ಲಿಸಿದಳು. ಎರಡು ವರ್ಷ ನುಂಗಿಕೊಂಡಿದ್ದದ್ದೆಲ್ಲ ಒಮ್ಮೆಗೇ ಹೊರಬಂತು.

"ಇನ್ನೂ ಎಷ್ಟು ದಿನ ಅಪ್ಪಾ ಈ ಶಿಕ್ಷೆ? ನೀನು ನರಳಿದ್ರೆ ಅಮ್ಮ ವಾಪಸ್ ಬರ್ತಾಳಾ? ನಾನಿದ್ದೀನಲ್ಲ, ನಾನು ಯಾರೂ ಅಲ್ವಾ ನಿನಗೆ?"

ಅಪ್ಪ ಕೈ ಚಾಚಿ ಅವಳ ಭುಜ ಹಿಡಿದರು.

"ಶಿಕ್ಷೆ ಅಲ್ಲ ಮಗಳೇ. ಪೂರ್ತಿ ಖಾತ್ರಿ ಆಗೋವರೆಗೂ ನಿನಗೆ ಆಸೆ ಹುಟ್ಟಿಸ್ಬಾರ್ದು ಅಂತ ಸುಮ್ನಿದ್ದೆ. ಸೊಂಟದ ಕೆಳಗೆ ಸೂಜಿ ಚುಚ್ಚಿದ್ರೂ ಇನ್ನು ಜನ್ಮದಲ್ಲಿ ಗೊತ್ತಾಗಲ್ಲ ಅಂದಿದ್ರಲ್ಲ ಡಾಕ್ಟರು..."

ಅವರು ಉಸಿರು ಎಳೆದುಕೊಂಡರು.

"ಒಂದೊಂದು ಗುಂಡಿಗೂ ನನ್ನ ಎಡಗಾಲಿನ ಹೆಬ್ಬೆರಳು ನೋಯ್ತಾ ಇತ್ತು ಪುಟ್ಟಿ."